ಜ್ಯೂರಿಕ್ಕಿನ ಸುಖಕ್ಕೆ ಬೆಲೆ ತೆತ್ತವರು

ಸ್ವಿಟ್ಜರ್‌ಲ್ಯಾಂಡ್‌ನ ಜ್ಯೂರಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಎಂದರೆ ಊರಿನವರು ಮೊದಲು ಕೇಳುವುದು ಸಂಬಳವನ್ನೇ. ಒಳ್ಳೆಯ ಸಂಬಳ, ನಿಜ. ಬಾಡಿಗೆ, ಕಡ್ಡಾಯ ಆರೋಗ್ಯ ವಿಮೆ, ಮಗಳ ಶಿಶುವಿಹಾರದ ಶುಲ್ಕ ಎಲ್ಲ ಕಳೆದ ಮೇಲೂ ಕೈಯಲ್ಲಿ ಹಣ ಉಳಿಯುತ್ತದೆ. ವರ್ಷಕ್ಕೆ 13 ತಿಂಗಳ ಸಂಬಳ. ಸಂಜೆ ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟು, ಲಿಮ್ಮಾಟ್ ಹೊಳೆಯ ದಂಡೆಯಲ್ಲಿ ಮಗಳನ್ನು ಆಡಿಸುವಷ್ಟು ಬಿಡುವೂ ಇದೆ. ಆದರೆ ಇದೆಲ್ಲ ನನ್ನ ಓದಿನ ಫಲ ಎಂದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಈ ಊರಿನ ಚರಿತ್ರೆ ಓದಿದ ಮೇಲಂತೂ ಸಾಧ್ಯವೇ ಇಲ್ಲ.

ಮುಖ್ಯ ರೈಲು ನಿಲ್ದಾಣದ ಎದುರು ಆಲ್ಫ್ರೆಡ್ ಎಷರ್‌ನ ಪ್ರತಿಮೆಯಿದೆ. ರೈಲು ಹಳಿ ಹಾಕಲು ಬಂಡವಾಳ ಬೇಕೆಂದು 1856ರಲ್ಲಿ ಬ್ಯಾಂಕ್ ಕಟ್ಟಿದವನು ಅವನು. ಜ್ಯೂರಿಕ್ ಹಣಕಾಸಿನ ಊರಾಗಿ ಬೆಳೆದದ್ದರಲ್ಲಿ ಆ ಬ್ಯಾಂಕಿನ ಪಾಲು ದೊಡ್ಡದು. ಅವನ ಮಹಾ ಯೋಜನೆ ಆಲ್ಪ್ಸ್ ಕೊರೆದು ಇಟಲಿಗೆ ದಾರಿ ಮಾಡುವ 15 ಕಿಲೋಮೀಟರಿನ ಗೋಟ್‌ಹಾರ್ಡ್ ಸುರಂಗ. ಕೆಲಸ 1872ರಲ್ಲಿ ಶುರುವಾಗಿ 1882ರಲ್ಲಿ ಮುಗಿಯಿತು. ಕೊರೆದವರಲ್ಲಿ ಹೆಚ್ಚಿನವರು ಇಟಲಿಯ ಬಡವರು. ಅಪಘಾತಗಳಲ್ಲೇ ಸುಮಾರು 200 ಮಂದಿ ಸತ್ತರು. ಸುರಂಗದ ಕೊಳೆಯಲ್ಲಿ ಹಬ್ಬಿದ ಕೊಕ್ಕೆಹುಳುವಿನಿಂದ ರಕ್ತಹೀನರಾಗಿ ನರಳಿದವರು ಬೇರೆ. 1875ರಲ್ಲಿ ಸುರಂಗದ ಉತ್ತರ ತುದಿಯ ಗೋಷೆನೆನ್‌ನಲ್ಲಿ ಕೂಲಿಗಾರರು ಮುಷ್ಕರ ಹೂಡಿದಾಗ ಗುಂಡು ಹಾರಿಸಲಾಯಿತು. ನಾಲ್ವರು ಸತ್ತರು.

1896ರಲ್ಲಿ ಜ್ಯೂರಿಕ್‌ನ ಔಸರ್‌ಜೀಲ್ ಬಡಾವಣೆಯಲ್ಲಿ ಜನರ ಗುಂಪು ಇಟಲಿಯವರ ಮನೆ, ಹೋಟೆಲುಗಳ ಮೇಲೆ ಬಿತ್ತು. ಇಂದು ಅದೇ ಬಡಾವಣೆಯಲ್ಲಿ ಇಟಾಲಿಯನ್ ಊಟಕ್ಕೆ ಜನ ಕಾಯುತ್ತಾರೆ.

ನನ್ನ ಸಂಜೆಯ ಬಿಡುವೂ ಯಾರೋ ಕೊಟ್ಟ ದಾನವಲ್ಲ. 1918ರ ನವೆಂಬರಿನಲ್ಲಿ ದೇಶದಾದ್ಯಂತ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸೈನ್ಯ ಬೀದಿಗಿಳಿಯಿತು, ಮುಷ್ಕರ ಮುರಿಯಿತು, ಮುಖಂಡರು ಜೈಲು ಸೇರಿದರು. ಆದರೂ ಮರುವರ್ಷವೇ ಕಾರ್ಖಾನೆಗಳಿಗೆ ವಾರಕ್ಕೆ 48 ಗಂಟೆ ಕೆಲಸದ ಮಿತಿ ಬಂತು. ಅವರು ಕೇಳಿದ್ದ ವೃದ್ಧಾಪ್ಯ ವೇತನ 1948ರಲ್ಲಿ ಬಂತು. ಅವರೇ ಕೇಳಿದ್ದ ಹೆಂಗಸರ ಮತದ ಹಕ್ಕಿಗೆ 1971ರವರೆಗೆ ಕಾಯಬೇಕಾಯಿತು.

ನನ್ನ ಕರುಳು ಹಿಂಡುವುದು ಇದರ ನಂತರದ ಕಥೆ. ಎರಡನೇ ಮಹಾಯುದ್ಧದ ಬಳಿಕ ರಸ್ತೆ, ಅಣೆಕಟ್ಟು, ಮನೆ ಕಟ್ಟಲು ಮತ್ತೆ ಇಟಲಿಯವರನ್ನೇ ಕರೆಸಿದರು. ಒಂಬತ್ತು ತಿಂಗಳ ಪರವಾನಗಿ, ಆಮೇಲೆ ಊರಿಗೆ ವಾಪಸ್ಸು. ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ. ಕೆಲವರು ಕದ್ದು ಕರೆತಂದರು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಆ ಮಕ್ಕಳು ಬೀಗ ಹಾಕಿದ ಕೋಣೆಯಲ್ಲಿ ಸದ್ದಿಲ್ಲದೆ ಇರಬೇಕಿತ್ತು. ಕಿಟಕಿ ಬಳಿ ಸುಳಿಯುವಂತಿಲ್ಲ, ಅಳುವಂತಿಲ್ಲ, ಶಾಲೆಯಿಲ್ಲ. ನೆರೆಯವರು ದೂರು ಕೊಟ್ಟರೆ ಗಡೀಪಾರು. 1970ರಲ್ಲಿ ವಿದೇಶಿಯರ ಪ್ರಮಾಣವನ್ನು ಶೇ 10ಕ್ಕೆ ಇಳಿಸಬೇಕೆಂಬ ಪ್ರಸ್ತಾವ ಜನಮತಕ್ಕೆ ಬಂದಾಗ ಮತ ಹಾಕಿದ ಗಂಡಸರಲ್ಲಿ ಶೇ 54ರಷ್ಟು ಮಂದಿ ಬೇಡವೆಂದದ್ದರಿಂದ ಲಕ್ಷಾಂತರ ಜನ ಉಳಿದುಕೊಂಡರು. ಆ ಪರವಾನಗಿ ಪದ್ಧತಿ ಪೂರ್ತಿ ಹೋದದ್ದು 2002ರಲ್ಲಿ. ನನ್ನ ಹೆಂಡತಿ, ಮಗಳು ನನ್ನ ಜೊತೆಗೇ ವಿಮಾನ ಇಳಿದರು. ಅವರ ಕಾಗದಪತ್ರವನ್ನೆಲ್ಲ ಕಂಪನಿಯೇ ಮಾಡಿಸಿತ್ತು.

ಈಗ ನಮ್ಮಂಥವರು ಕೇಳಿದಷ್ಟು ಬಾಡಿಗೆ ಕೊಡಬಲ್ಲೆವೆಂದು ಹಳೇ ಕಟ್ಟಡ ಕೆಡವಿ ಹೊಸದು ಏಳುತ್ತಿದೆ. ಹಳೇ ಬಾಡಿಗೆದಾರರು ಊರಾಚೆ ಹೋಗುತ್ತಿದ್ದಾರೆ. 2050ರ ಹೊತ್ತಿಗೆ ಬಾಡಿಗೆ ಮನೆಗಳಲ್ಲಿ ಮೂರನೇ ಒಂದು ಪಾಲು ಲಾಭವಿಲ್ಲದ ದರದ್ದಾಗಿರಬೇಕೆಂದು ನಗರದ ಮತದಾರರು 2011ರಲ್ಲೇ ತೀರ್ಮಾನಿಸಿದ್ದಾರೆ. ಅದು ಈಡೇರಬೇಕು. ಅದಕ್ಕಾಗಿ ನನ್ನ ತೆರಿಗೆ ಹೆಚ್ಚಾದರೂ ಸರಿ.

ಕೆಲಸ ಹಿಡಿದು ಇಲ್ಲಿಗೆ ಬರುವ ಕನ್ನಡಿಗರು ಒಂದು ಭಾನುವಾರ ಐರೋಲೊಗೆ ಹೋಗಿ ಬನ್ನಿ. ಹಳೆಯ ಗೋಟ್‌ಹಾರ್ಡ್ ಸುರಂಗ ದಾಟಿದೊಡನೆ ಸಿಗುವ ನಿಲ್ದಾಣ ಅದು. ಸತ್ತ ಕೂಲಿಗಾರನನ್ನು ಹೊತ್ತು ತರುವ ಜೊತೆಗಾರರನ್ನು ಶಿಲ್ಪಿ ವಿನ್ಚೆಂಜೊ ವೇಲಾ ರೂಪಿಸಿದ ಸ್ಮಾರಕ ಅಲ್ಲಿದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.