ಮಕಾಲುವಿನ ಬಳಿ ಕೇಳಿದ ಕೂಗು: ಪಟ್ಟೆತಲೆ ಹೆಬ್ಬಾತಿನ ಹಾರಾಟದ ಎತ್ತರ ಮತ್ತು ಕಿವಿಯ ಸಾಕ್ಷ್ಯ

ಇರುಳು ವಲಸೆಯ ಹಕ್ಕಿಗಳನ್ನು ಕೂಗಿನಿಂದ ಲೆಕ್ಕ ಹಿಡಿಯುವ ಪದ್ಧತಿ ಹಳೆಯದು. 1896ರಲ್ಲೇ ಓರಿನ್ ಲಿಬಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಂದೇ ರಾತ್ರಿ ಮೂರು ಸಾವಿರಕ್ಕೂ ಹೆಚ್ಚು ಕೂಗುಗಳನ್ನು ಎಣಿಸಿದ್ದರು. 1950ರ ದಶಕದ ಕೊನೆಗೆ ಗ್ರೇಬರ್ ಮತ್ತು ಕಾಕ್ರನ್ ಅದಕ್ಕೆ ಧ್ವನಿಮುದ್ರಣವನ್ನು ತಂದರು. ಕೂಗು ಕೇಳಿ ಅನೇಕ ಜಾತಿಗಳನ್ನು ಗುರುತಿಸಬಹುದೆಂಬುದು ಈಗ ಒಪ್ಪಿತ ವಿಷಯ. ಕೂಗು ಎತ್ತರವನ್ನೂ ಹೇಳಬಲ್ಲುದೇ ಎಂಬಲ್ಲಿ ನನ್ನ ತಕರಾರಿದೆ.

ಲಾರೆನ್ಸ್ ಸ್ವಾನ್ 1970ರ ಲೇಖನದಲ್ಲಿ ಹಿಮಾಲಯದ ಮಕಾಲು ಬಳಿಯ ಬರೂನ್ ಹಿಮನದಿಯ ಪಕ್ಕದ ಒಂದು ಏಪ್ರಿಲ್ ರಾತ್ರಿಯನ್ನು ವಿವರಿಸಿದ್ದಾರೆ. ದಕ್ಷಿಣದಿಂದ ಬಂದ ಪಟ್ಟೆತಲೆ ಹೆಬ್ಬಾತುಗಳ ಕೂಗು ಅವರಿಗೆ ನೆತ್ತಿಯ ಮೇಲಿಂದ ಕೇಳಿಸಿತು. ಹಕ್ಕಿಗಳು ಕಣ್ಣಿಗೆ ಬೀಳಲಿಲ್ಲ. ಆದರೂ ಮುಂದಿನ ಬರಹಗಳಲ್ಲಿ ಅವು ಮಕಾಲು ಶಿಖರವನ್ನೇ ದಾಟಿದವೆಂಬ ಮಾತು ಪುರಾವೆಯ ಸ್ಥಾನ ಪಡೆಯಿತು.

ಶಿಖರದ ಎತ್ತರ ಸುಮಾರು 8,480 ಮೀಟರ್. ಕೇಳುಗ 5,000 ಮೀಟರ್‌ನಲ್ಲಿ ನಿಂತಿದ್ದನೆಂದು ಇಟ್ಟುಕೊಳ್ಳೋಣ. ಆಗ ಕೂಗು ಮೂರೂವರೆ ಕಿಲೋಮೀಟರ್ ಇಳಿದು ಬರಬೇಕು. ಅದಕ್ಕೆ ಹತ್ತು ಸೆಕೆಂಡಿಗೂ ಹೆಚ್ಚು ಬೇಕು, ಬರುವಷ್ಟರಲ್ಲಿ ಹರಡುವಿಕೆಯೊಂದರಿಂದಲೇ 70 ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ಗಾಳಿ ಹೀರಿಕೊಳ್ಳುವುದು ಬೇರೆ. ನಿಶ್ಶಬ್ದ ರಾತ್ರಿಯಲ್ಲಿ ಇಷ್ಟಾದರೂ ಕೇಳಿಸಲಾರದು ಎಂದು ನಾನು ಹೇಳುತ್ತಿಲ್ಲ. ಕೇಳಿಸಿದ್ದು ಹತ್ತಿರದ್ದೋ ದೂರದ್ದೋ ಎಂದು ಒಂಟಿ ಕೇಳುಗನಿಗೆ ತಿಳಿಯುವ ದಾರಿಯಿಲ್ಲ ಎಂಬುದೇ ತೊಡಕು. ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ; ಒಂದು ಹಕ್ಕಿಯ ಬದಲು ನಾಲ್ಕು ಒಟ್ಟಿಗೆ ಕೂಗಿದರೆ ಅಷ್ಟೇ ಏರುತ್ತದೆ. ಹಿಂಡಿನ ಗಾತ್ರ ಗೊತ್ತಿಲ್ಲದ ಕತ್ತಲಲ್ಲಿ ಈ ಎರಡನ್ನು ಬೇರ್ಪಡಿಸುವುದು ಹೇಗೆ? ಕಣಿವೆಯ ಗೋಡೆಗಳ ಮರುದನಿ ದಿಕ್ಕನ್ನೂ ಮಸುಕುಗೊಳಿಸಬಲ್ಲದು.

ಲೂಸಿ ಹಾಕ್ಸ್ ಮತ್ತು ಸಂಗಡಿಗರು 91 ಹೆಬ್ಬಾತುಗಳ ಜಾಡು ಹಿಡಿದು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಹಕ್ಕಿಗಳು ಸಾಮಾನ್ಯವಾಗಿ ಕಣಿವೆಗಳ ಮೂಲಕ ಸಾಗಿದ್ದವು. ದೊರೆತ ಸ್ಥಾನಗಳಲ್ಲಿ ಶೇ. 95ರಷ್ಟು 5,489 ಮೀಟರ್‌ಗಿಂತ ಕೆಳಗಿದ್ದವು. ಉತ್ತರಕ್ಕೆ ಹೊರಟವುಗಳ ಗರಿಷ್ಠ ಎತ್ತರ 6,540 ಮೀಟರ್. ಸ್ವಾನ್ ಕೇಳಿದ್ದು ಉತ್ತರದ ಪಯಣವನ್ನೇ. ಆದ್ದರಿಂದ ಆ ಹಿಂಡು ಶಿಖರದ ಮೇಲಲ್ಲ, ಬರೂನ್ ಕಣಿವೆಯಲ್ಲೇ ಸಾಗುತ್ತಿತ್ತು ಎಂಬುದು ಹೆಚ್ಚು ಸಂಭವನೀಯ. ಸಂಭವನೀಯ ಎಂದಷ್ಟೇ ಹೇಳಬಲ್ಲೆ: ಜಾಡು ಸಿಕ್ಕಿದ್ದು ಬೇರೆ ಹಕ್ಕಿಗಳದ್ದು, ಮತ್ತು ಅಪರೂಪದ ಏರಾಟವನ್ನು ಈ ಅಂಕಿಗಳು ಅಲ್ಲಗಳೆಯವು. ಜಾತಿ, ಹೊತ್ತು, ದಿಕ್ಕುಗಳ ಬಗ್ಗೆ ಸ್ವಾನ್ ಕೊಟ್ಟ ಸಾಕ್ಷ್ಯದ ಬೆಲೆ ಇದರಿಂದ ಕುಂದುವುದಿಲ್ಲ. ಈ ಹಕ್ಕಿಗಳು ಹಿಮಾಲಯ ಏರುವುದು ಹೆಚ್ಚಾಗಿ ಇರುಳಲ್ಲಿ ಮತ್ತು ನಸುಕಿನಲ್ಲಿ ಎಂದು 2011ರ ಒಂದು ಅಧ್ಯಯನವೂ ತೋರಿಸಿತು.

ಈ ವಿವೇಚನೆ ನಮ್ಮಲ್ಲೂ ಬೇಕಾಗಿದೆ. ಹೆಬ್ಬಾತುಗಳು ಚಳಿಗಾಲ ಕಳೆಯುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಇವು ಇರುಳಲ್ಲೂ ಹೊಲಗಳಿಗೆ ಮೇಯಲು ಹೋಗುವುದರಿಂದ ಅಲ್ಲಿ ಕೇಳಿದ ಕೂಗೆಲ್ಲ ವಲಸೆಯದ್ದಲ್ಲ. ದೂರದೂರ ನೆಟ್ಟ ಹಲವು ಮೈಕ್ರೋಫೋನುಗಳಿಗೆ ಒಂದೇ ಕೂಗು ತಲುಪುವ ಕ್ಷಣಗಳ ಅಂತರದಿಂದ ಹಕ್ಕಿಯ ನೆಲೆಯನ್ನೂ ಎತ್ತರವನ್ನೂ ಲೆಕ್ಕಹಾಕಬಹುದು. ಮೇವಿನ ಓಡಾಟವನ್ನು ದೂರಪಯಣದಿಂದ ಬೇರ್ಪಡಿಸಲು ಅದು ನೆರವಾದೀತು. ಕೂಗದೆ ಹಾರಿಹೋಗುವ ಹಿಂಡುಗಳ ಪಾಲು ಎಷ್ಟೆಂಬ ಪ್ರಶ್ನೆ ಮಾತ್ರ ಆ ವಿಧಾನಕ್ಕೂ ಎಟುಕದು.