ಗಾಳದ ನಂಬರು ಯಾರ ಅಳತೆ?

ಎರಡು ವರ್ಷದ ಹಿಂದೆ ಒಂದು ಲಾಂಗ್ ವೀಕೆಂಡಿಗೆ ಆಫೀಸಿನ ಮೂವರು ಸೇರಿ ಉಡುಪಿ ಕಡೆ ಹೋಗಿದ್ವಿ. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಗಾಳ ಹಾಕೋದು ಪ್ಲಾನು. ರಾಡ್, ರೀಲ್ ಎಲ್ಲ ಆನ್‌ಲೈನಲ್ಲಿ ತರಿಸಿದ್ದೆ. ಕೊಕ್ಕೆ ಆರಿಸುವಾಗ ಮಾತ್ರ ತಲೆ ಕೆಟ್ಟುಹೋಯ್ತು. 6, 4, 2, 1 ಅಂತ ನಂಬರು ಇಳಿದ ಹಾಗೆ ಕೊಕ್ಕೆ ದೊಡ್ಡದಾಗುತ್ತೆ. ಅಲ್ಲಿಂದಾಚೆ 1/0, 2/0, 6/0 ಅಂತ ನಂಬರು ಏರಿದ ಹಾಗೆ ಇನ್ನೂ ದೊಡ್ಡದಾಗುತ್ತೆ. ಕೊನೆಗೆ ನನ್ನದೇ ಲೆಕ್ಕ ಹಾಕಿದೆ: ದೊಡ್ಡ ಮೀನು ಬೇಕು, ಹಾಗಾದರೆ ದೊಡ್ಡ ಕೊಕ್ಕೆ. 6/0 ಪ್ಯಾಕೆಟ್ ಆರ್ಡರ್ ಮಾಡಿದೆ.

ಅಲ್ಲಿ ಬಕೆಟಿನಲ್ಲಿ ಬೆರಳುದ್ದದ ಜೀವಂತ ಸಿಗಡಿಗಳಿದ್ದವು. ಮೊದಲನೆಯದಕ್ಕೆ ಕೊಕ್ಕೆ ಚುಚ್ಚಿದೆ, ಎರಡು ನಿಮಿಷದಲ್ಲಿ ಸತ್ತಿತು. ಎರಡನೆಯದೂ ಸತ್ತಿತು. ಮೂರನೆಯದು ಕೊಕ್ಕೆಯ ಭಾರಕ್ಕೇ ತಳ ಸೇರಿತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಕೊಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಮಾರಾಯ್ರೆ, ಮೀನನ್ನು ನೋಡಿ ಗಾಳ ತೆಕ್ಕೊಳ್ಳುವುದಲ್ಲ, ಎಟ್ಟಿಯನ್ನು ನೋಡಿ ತೆಕ್ಕೊಳ್ಳುವುದು. ಎಟ್ಟಿ ಸತ್ತ ಮೇಲೆ ಎಂತ ಗಾಳ?" ಎಟ್ಟಿ ಅಂದ್ರೆ ತುಳುವಿನಲ್ಲಿ ಸಿಗಡಿ. ಅವರು ತಮ್ಮ ಡಬ್ಬಿಯಿಂದ ಒಂದು ಪುಟ್ಟ ಕೊಕ್ಕೆ ತೆಗೆದರು. ಸಿಗಡಿಯ ತಲೆಯ ಕೊಂಬಿನ ಬುಡದಲ್ಲಿ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದ ಹಾಗೆ ಚುಚ್ಚಿ ನೀರಿಗೆ ಬಿಟ್ಟರು. ಅದು ಏನೂ ಆಗಿಲ್ಲವೆಂಬಂತೆ ಈಜಿಕೊಂಡು ಹೋಯಿತು.

ವಾಪಸ್ ಬಂದ ಮೇಲೆ ನನಗೆ ಎರಡು ಪ್ರಶ್ನೆ ಹಿಡಿದುಕೊಂಡವು. ಈ ತಲೆಕೆಳಗಾದ ನಂಬರು ಬಂದಿದ್ದು ಎಲ್ಲಿಂದ? ನಂಬರೇ ಇಲ್ಲದ ಕಾಲದಲ್ಲಿ ಜನ ಕೊಕ್ಕೆಯ ಅಳತೆಯನ್ನು ಹೇಗೆ ತೀರ್ಮಾನಿಸ್ತಿದ್ರು?

ಮೊದಲನೆಯದಕ್ಕೆ ಇಂಗ್ಲೆಂಡಿಗೆ ಹೋಗಬೇಕು. ಬರ್ಮಿಂಗ್‌ಹ್ಯಾಮ್ ಹತ್ತಿರದ ರೆಡಿಚ್ ಅನ್ನೋ ಊರು 19ನೇ ಶತಮಾನದಲ್ಲಿ ಹೊಲಿಗೆ ಸೂಜಿಗೆ ಜಗತ್ಪ್ರಸಿದ್ಧ. ಸೂಜಿ ಮಾಡುವ ತಂತಿಯನ್ನೇ ಬಗ್ಗಿಸಿದರೆ ಮೀನಿನ ಕೊಕ್ಕೆ, ಹಾಗಾಗಿ ಅದೇ ಊರು ಕೊಕ್ಕೆಗೂ ಹೆಸರಾಯಿತು. ಅಮ್ಮನ ಸೂಜಿ ಪ್ಯಾಕೆಟ್ ನೋಡಿದ್ರೆ ಗೊತ್ತಾಗುತ್ತೆ, ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. ತಂತಿಯ ಗೇಜಿನಲ್ಲೂ ಹಾಗೇ, ನಂಬರು ಹೆಚ್ಚಿದಷ್ಟೂ ತಂತಿ ತೆಳು. ಕೊಕ್ಕೆಯದೂ ಅದೇ ಸಂಪ್ರದಾಯ. 1ಕ್ಕಿಂತ ದೊಡ್ಡದು ಬೇಕಾದಾಗ ಕೆಳಗೆ ಇಳಿಯಲು ಜಾಗ ಇರಲಿಲ್ಲ, ಸೊನ್ನೆಗಳನ್ನು ಸೇರಿಸುತ್ತಾ ಹೋದರು. ನಾರ್ವೆಯ ಮಸ್ಟಾಡ್ ಕಂಪನಿ 1877ರಲ್ಲಿ ಯಂತ್ರದಿಂದ ಕೊಕ್ಕೆ ಮಾಡಲು ಶುರುಮಾಡಿದ ಮೇಲೆ ಇವು ಲೋಕವೆಲ್ಲ ಹರಡಿದವು. ಆದರೆ ಅಳತೆಗೆ ಒಂದು ಸ್ಟ್ಯಾಂಡರ್ಡ್ ಅಂತ ಇವತ್ತಿಗೂ ಆಗಿಲ್ಲ. ಒಂದು ಕಂಪನಿಯ 4/0 ಇನ್ನೊಂದರ 4/0ಗೆ ಸಮ ಇರಬೇಕು ಅಂತೇನಿಲ್ಲ. ಅಂದ್ರೆ ಈ ನಂಬರು ಕಾರ್ಖಾನೆಯ ಭಾಷೆ. ಸಮುದ್ರದ್ದೂ ಅಲ್ಲ, ಮೀನಿನದ್ದೂ ಅಲ್ಲ.

ಎರಡನೇ ಪ್ರಶ್ನೆ ಇನ್ನೂ ಹಳೆಯದು. ಜಪಾನಿನ ಓಕಿನಾವಾ ದ್ವೀಪದ ಸಾಕಿಟಾರಿ ಗುಹೆಯಲ್ಲಿ ಸಿಕ್ಕ ಕೊಕ್ಕೆಗಳಿಗೆ ಸುಮಾರು 23 ಸಾವಿರ ವರ್ಷ. ಸಮುದ್ರದ ಬಸವನಹುಳುವಿನ ಚಿಪ್ಪನ್ನು ಉಜ್ಜಿ ಉಜ್ಜಿ ಮಾಡಿದಂಥವು. ಅಷ್ಟು ಕಷ್ಟಪಟ್ಟು ಒಂದು ಕೊಕ್ಕೆ ಮಾಡುವವನು ಸುಮ್ಮನೆ "ದೊಡ್ಡದಿರಲಿ" ಅಂತ ಮಾಡಿರಲಾರ.

ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಟ್ಲಿಂಗಿಟ್, ಹೈಡಾ, ಮಕಾ ಜನರ ಕೊಕ್ಕೆ ನೋಡಿದ್ರೆ ಇದು ಅರ್ಥ ಆಗುತ್ತೆ. ಅವರು ಮರದ ಕೊಕ್ಕೆಯಿಂದ ಹಾಲಿಬಟ್ ಅನ್ನೋ ಭಾರೀ ಚಪ್ಪಟೆ ಮೀನು ಹಿಡಿಯೋರು. ಹಾಲಿಬಟ್ ನೂರು ಕೇಜಿ ದಾಟುವುದೂ ಉಂಟು. ಅಂಥದ್ದು ಸಿಕ್ಕಿದರೆ ಮರದ ದೋಣಿಯೇ ಮಗುಚೀತು. ಅದಕ್ಕೆ ಕೊಕ್ಕೆಯ ಎರಡು ತೋಳುಗಳ ನಡುವಿನ ಸಂದನ್ನೇ ಅಳತೆ ಮಾಡಿಟ್ಟರು. ತೀರಾ ಸಣ್ಣ ಮೀನಿಗೆ ಅದನ್ನು ಬಾಯಿಗೆ ಹಾಕಿಕೊಳ್ಳೋಕಾಗಲ್ಲ, ತೀರಾ ದೊಡ್ಡದರ ದವಡೆ ಆ ಸಂದಿನಲ್ಲಿ ತೂರಲ್ಲ. ಸಿಗೋದು ಮಧ್ಯಮ ಗಾತ್ರದ್ದು. ಹಾಲಿಬಟ್‌ನಲ್ಲಿ ಅತಿ ದೊಡ್ಡವು ಹೆಣ್ಣುಗಳೇ, ರಾಶಿ ರಾಶಿ ಮೊಟ್ಟೆ ಇಡುವಂಥವು. ಹಾಗಾಗಿ ಮರಿಯೂ ಉಳಿಯಿತು, ತಾಯಿಯೂ ಉಳಿಯಿತು. ಒಂದು ಕೊಕ್ಕೆಯ ಅಗಲದಲ್ಲೇ ಇದೆಲ್ಲ ಇತ್ತು.

ಜೀವಂತ ಎರೆಯ ಕಥೆ ಬೇಕಾದರೆ ನಮ್ಮ ಕಡೆಯ ಸಮುದ್ರಕ್ಕೇ ಬರಬೇಕು. 1602ರಲ್ಲಿ ಫ್ರಾನ್ಸ್ವಾ ಪಿರಾರ್ ಅನ್ನೋ ಫ್ರೆಂಚ್ ನಾವಿಕ ಹಡಗು ಒಡೆದು ಮಾಲ್ಡೀವ್ಸ್ ಸೇರಿದ, 1607ರವರೆಗೆ ಅಲ್ಲೇ ಇದ್ದ. ಅಲ್ಲಿನವರು ಟ್ಯೂನಾ ಹಿಡಿಯುವ ಬಗೆಯನ್ನು ಅವನು ಬರೆದಿಟ್ಟಿದ್ದಾನೆ. ಪುಟ್ಟ ಮೀನುಗಳನ್ನು ಮೊದಲೇ ಹಿಡಿದು ಜೀವಂತ ಇಟ್ಟುಕೊಳ್ಳುತ್ತಾರೆ. ಆಳ ಸಮುದ್ರಕ್ಕೆ ಹೋಗಿ ಅವನ್ನು ನೀರಿಗೆ ಎರಚುತ್ತಾರೆ. ಟ್ಯೂನಾ ಹಿಂಡು ಮುತ್ತಿಕೊಳ್ಳುತ್ತೆ. ಆಗ ಉದ್ದನೆಯ ಕೋಲಿನ ತುದಿಯ ಕೊಕ್ಕೆ ಇಳಿಸುತ್ತಾರೆ. ಅದಕ್ಕೆ ಎರೆ ಸಿಕ್ಕಿಸೋದೇ ಇಲ್ಲ, ಹಿಮ್ಮುಳ್ಳೂ ಇರೋದಿಲ್ಲ. ಹೊಳೆಯುವ ಕೊಕ್ಕೆಯನ್ನೇ ಪುಟ್ಟ ಮೀನು ಅಂದುಕೊಂಡು ಟ್ಯೂನಾ ಬಾಯಿ ಹಾಕುತ್ತೆ. ಎಳೆದು ದೋಣಿಗೆ ಎಸೆದರೆ ತಾನಾಗಿ ಕಳಚಿ ಬೀಳುತ್ತೆ, ಕೊಕ್ಕೆ ಮತ್ತೆ ನೀರಿಗೆ. ಇಲ್ಲೂ ಅಳತೆಗೋಲು ಟ್ಯೂನಾ ಅಲ್ಲ, ಬೆರಳುದ್ದದ ಎರೆಮೀನು. ಕೊಕ್ಕೆ ಅದರ ಹಾಗೆ ಕಾಣಬೇಕು.

ಇದೇ ವಿದ್ಯೆ ಲಕ್ಷದ್ವೀಪದ ಮಿನಿಕಾಯ್‌ನಲ್ಲೂ ಇದೆ. ಅಲ್ಲಿನ ದೋಣಿಗಳ ಎರೆತೊಟ್ಟಿಗೆ ತಳದಲ್ಲಿ ತೂತುಗಳಿರುತ್ತವೆ, ಸಮುದ್ರದ ನೀರು ಒಳಗೆ ಹೊರಗೆ ಆಡುತ್ತಾ ಎರೆ ಬದುಕಿರಲಿ ಅಂತ. ಉತ್ತರದ ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಆಡಳಿತ ಮಂಗಳೂರಿನಿಂದ. ಮಿನಿಕಾಯ್‌ನ ಈ ಕಲೆ ಉಳಿದ ದ್ವೀಪಗಳಿಗೆ ಹರಡಿದ್ದು ಅದರ ನಂತರ, ಯಾಂತ್ರಿಕ ದೋಣಿಗಳು ಬಂದ ಮೇಲೆ.

ಆಧುನಿಕರು ಇದೇ ಪಾಠಕ್ಕೆ ತಡವಾಗಿ ಬಂದರು. ಇಂಗ್ಲಿಷಿನ 'ಜೆ' ಆಕಾರದ ಕೊಕ್ಕೆಯನ್ನು ಜೀವಂತ ಎರೆಯ ಜೊತೆ ಮೀನು ಪೂರ್ತಿ ನುಂಗಿಬಿಟ್ಟರೆ ಅದು ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತೆ. ಅಂಥ ಮೀನನ್ನು ವಾಪಸ್ ನೀರಿಗೆ ಬಿಟ್ಟರೂ ಬದುಕೋದು ಕಷ್ಟ. ಮೊನೆ ಒಳಕ್ಕೆ ತಿರುಗಿದ ಸರ್ಕಲ್ ಹುಕ್ ಸಾಮಾನ್ಯವಾಗಿ ಜಾರಿಕೊಂಡು ಬಂದು ಬಾಯಿಯ ಮೂಲೆಯಲ್ಲಿ ಕೂರುತ್ತೆ. ಪೆಸಿಫಿಕ್ ದ್ವೀಪದವರು ಮೂಳೆ, ಚಿಪ್ಪಿನಲ್ಲಿ ಇಂಥದ್ದನ್ನು ಯಾವತ್ತೋ ಮಾಡಿದ್ದರು. ಅಮೆರಿಕವು 2008ರಲ್ಲಿ ಮೆಕ್ಸಿಕೋ ಕೊಲ್ಲಿಯ ಬಂಡೆಮೀನುಗಳಿಗೆ ನೈಸರ್ಗಿಕ ಎರೆ ಬಳಸುವವರಿಗೆ ಸರ್ಕಲ್ ಹುಕ್ ಕಡ್ಡಾಯ ಮಾಡಿತು.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು? ಮೊದಲು ಎರೆ ಯಾವುದು ಅಂತ ತೀರ್ಮಾನ ಮಾಡಿ. ಬೆರಳುದ್ದದ ಸಿಗಡಿ, ಬೂತಾಯಿ ಮರಿಗೆ 2ರಿಂದ 1/0 ಸಾಕು. ಅಂಗೈಯುದ್ದದ ಬಂಗುಡೆಗೆ 4/0ರಿಂದ 6/0. ನಂಬರಿಗಿಂತ ಎರಡು ಪರೀಕ್ಷೆ ಮುಖ್ಯ. ಕೊಕ್ಕೆ ಹೊತ್ತುಕೊಂಡು ಎರೆ ನೆಟ್ಟಗೆ ಈಜಬೇಕು. ಚುಚ್ಚಿದ ಮೇಲೂ ಮೊನೆಯ ಮುಂದೆ ಸಾಕಷ್ಟು ಸಂದು ಉಳಿದಿರಬೇಕು, ಇಲ್ಲದಿದ್ದರೆ ಮೀನಿನ ತುಟಿಗೆ ಅಲ್ಲಿ ಜಾಗ ಇರಲ್ಲ. ಎರಡರಲ್ಲೂ ಪಾಸಾಗುವ ಕೊಕ್ಕೆಗಳಲ್ಲಿ ಗಟ್ಟಿಯಾದದ್ದನ್ನು ತಗೊಳ್ಳಿ. ಸರ್ಕಲ್ ಹುಕ್ ಆದ್ರೆ ಮೀನು ಕಚ್ಚಿದ ತಕ್ಷಣ ಜಗ್ಗಬೇಡಿ, ನಿಧಾನಕ್ಕೆ ಸುತ್ತಿ.

ಹೋದ ಡಿಸೆಂಬರಿನಲ್ಲಿ ಅದೇ ಅಳಿವೆಗೆ ಮತ್ತೆ ಹೋಗಿದ್ದೆ, 1 ನಂಬರಿನ ಸರ್ಕಲ್ ಹುಕ್ ಹಿಡಿದು. ಸಿಗಡಿ ಇಪ್ಪತ್ತು ನಿಮಿಷ ಈಜಿತು. ಆಮೇಲೆ ಸಿಕ್ಕಿದ್ದು ಒಂದು ಗೇಣಿನಷ್ಟೂ ಇಲ್ಲದ ಮೀನು, ಕೊಕ್ಕೆ ತುಟಿಯ ಮೂಲೆಯಲ್ಲಿತ್ತು. ಬಿಡಿಸಿ ನೀರಿಗೆ ಬಿಟ್ಟೆ, ಸರ್ ಅಂತ ಹೋಯಿತು. ಆ 6/0 ಪ್ಯಾಕೆಟ್ ಮಾತ್ರ ಇನ್ನೂ ನನ್ನ ಡ್ರಾಯರಿನಲ್ಲಿ ಹಾಗೇ ಇದೆ. ಯಾರಾದರೂ "ಯಾವ ನಂಬರಿನ ಗಾಳ ತಗೊಳ್ಳಲಿ?" ಅಂತ ಕೇಳಿದರೆ ಅದನ್ನು ತೋರಿಸಿ, "ಎರೆ ಯಾವುದು?" ಅಂತ ತಿರುಗಿ ಕೇಳ್ತೀನಿ.