ತಲೆಯ ನೆರಳು

ಹೆಡ್‌ಫೋನಿನ ದನಿಯನ್ನು ಸಾಫ್ಟ್‌ವೇರಿನಿಂದ ತಿದ್ದಿದರೆ ಸಂಗೀತ ಕೆಡುತ್ತದೆ ಎಂದು ನಂಬಿದವರು ಬಹಳ ಮಂದಿ. ಮುದ್ರಿಸಿದ್ದನ್ನು ಮುದ್ರಿಸಿದ ಹಾಗೆಯೇ ಕೇಳಬೇಕು, ನಡುವೆ ಯಾವ ಲೆಕ್ಕಾಚಾರವೂ ಕೈಹಾಕಬಾರದು ಎನ್ನುವುದು ಅವರ ನಿಲುವು. ಕಲಾವಿದರ ಮೇಲಿನ ಗೌರವದಿಂದಲೇ ಹುಟ್ಟಿದ ಮಾತು ಇದು, ಹಾಗಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಸ್ಟೀರಿಯೊ ಮುದ್ರಣದ ಚರಿತ್ರೆಯನ್ನು ನೋಡಿದರೆ ಈ ನಿಲುವು ನಿಲ್ಲುವುದಿಲ್ಲ. ನಾವು ಕೇಳುವ ಹಳೆಯ ಸ್ಟೀರಿಯೊ ಸಂಗೀತದ ಬಹುಪಾಲು ಕೋಣೆಯಲ್ಲಿಟ್ಟ ಎರಡು ಸ್ಪೀಕರುಗಳಿಗೆಂದು ತಯಾರಾದದ್ದು. ಹೆಡ್‌ಫೋನ್ ಏರಿಸಿದ ಗಳಿಗೆಯಲ್ಲೇ ಅದು ಒಮ್ಮೆ ಬದಲಾಗಿರುತ್ತದೆ. ಸಾಫ್ಟ್‌ವೇರ್ ಮಾಡುವುದು ಆ ಬದಲಾವಣೆಯನ್ನು ಸರಿಪಡಿಸುವ ಕೆಲಸ, ಮತ್ತು ಆ ಕೆಲಸ ಡಿಜಿಟಲ್ ಸಂಗೀತಕ್ಕಿಂತ ಹಳೆಯದು.

ಎರಡು ಕಿವಿಗೆ ಎರಡು ಬೇರೆ ದನಿ ಕೊಡುವ ಪ್ರಯೋಗ ಮೊದಲು ದೊಡ್ಡದಾಗಿ ನಡೆದದ್ದು 1881ರಲ್ಲಿ. ಆ ವರ್ಷ ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೆರ್ ಒಪೆರಾ ರಂಗದ ಅಂಚಿನಲ್ಲಿ ಟೆಲಿಫೋನ್ ಪ್ರೇಷಕಗಳನ್ನು ಸಾಲಾಗಿ ಇಟ್ಟು, ದೂರದ ಪ್ರದರ್ಶನ ಭವನಕ್ಕೆ ತಂತಿ ಎಳೆಸಿದ. ಜನ ಒಂದೊಂದು ಕಿವಿಗೆ ಒಂದೊಂದು ರಿಸೀವರ್ ಹಿಡಿದು ನಿಂತರೆ, ಗಾಯಕರು ರಂಗದ ಮೇಲೆ ಆಚೀಚೆ ಓಡಾಡುವುದು ಕೇಳಿದ್ದರಲ್ಲೇ ತಿಳಿಯುತ್ತಿತ್ತು. ಐವತ್ತು ವರ್ಷದ ಮೇಲೆ, 1931ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಇಎಂಐ ಸಂಸ್ಥೆಯ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ತನ್ನ ಹೆಸರಾಂತ ಪೇಟೆಂಟಿಗೆ ಅರ್ಜಿ ಹಾಕಿದ. ಈ ದಾಖಲೆ ನಮ್ಮ ವಾದಕ್ಕೆ ಬಹಳ ಮುಖ್ಯ. ಕಿವಿಗಳ ಹಾಗೆ ಅಕ್ಕಪಕ್ಕ ಇಟ್ಟ ಎರಡು ಮೈಕುಗಳ ದನಿ ಹೆಡ್‌ಫೋನಿನಲ್ಲಿ ದಿಕ್ಕು ತೋರಿಸುತ್ತದೆ, ಅದೇ ದನಿಯನ್ನು ಎರಡು ಸ್ಪೀಕರಿಗೆ ಕೊಟ್ಟರೆ ತೋರಿಸುವುದಿಲ್ಲ ಎಂಬುದನ್ನು ಆತ ಕಂಡುಕೊಂಡಿದ್ದ. ಅದಕ್ಕೇ ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಸರ್ಕ್ಯೂಟ್ ರಚಿಸಿದ. ಅಂದರೆ ಸ್ಟೀರಿಯೊ ಹುಟ್ಟಿದ ದಿನದಿಂದಲೂ ಇವೆರಡು ಬೇರೆ ಬೇರೆ, ನಡುವೆ ಒಂದು ತರ್ಜುಮೆ ಬೇಕು ಎಂದು ಬಲ್ಲವರಿಗೆ ಗೊತ್ತಿತ್ತು.

ಆದರೆ 1958ರಲ್ಲಿ ಸ್ಟೀರಿಯೊ ಎಲ್‌ಪಿಗಳು ಅಂಗಡಿಗೆ ಬಂದಾಗ, ಅದೇ ವರ್ಷ ಮಿಲ್ವಾಕಿಯ ಜಾನ್ ಕಾಸ್ ಮನೆಬಳಕೆಗೆ ಸ್ಟೀರಿಯೊ ಹೆಡ್‌ಫೋನ್ ಹೊರತಂದಾಗ, ಈ ತರ್ಜುಮೆಯನ್ನು ಯಾರೂ ಜತೆಗೆ ಕೊಡಲಿಲ್ಲ. ಪರಿಣಾಮ ಏನೆಂಬುದಕ್ಕೆ ಬೀಟಲ್ಸ್ ತಂಡದ 1965ರ ‘ರಬ್ಬರ್ ಸೋಲ್’ ಒಳ್ಳೆಯ ಉದಾಹರಣೆ. ಅದರ ಮೂಲ ಸ್ಟೀರಿಯೊ ಮುದ್ರಣದಲ್ಲಿ ಹಾಡುವ ದನಿ ಬಹುಮಟ್ಟಿಗೆ ಬಲಕ್ಕೆ, ವಾದ್ಯಗಳು ಎಡಕ್ಕೆ. ಸ್ಪೀಕರಿನಲ್ಲಿ ಕೇಳಿದರೆ ಬಲಗಡೆಯ ದನಿ ಎಡಗಿವಿಗೂ ಬರುತ್ತದೆ, ತಂಡವೊಂದು ಎದುರಿಗೆ ಹರಡಿ ನಿಂತ ಹಾಗಿರುತ್ತದೆ. ಹೆಡ್‌ಫೋನಿನಲ್ಲಿ ಕೇಳಿದರೆ ಹಾಡು ಬಲಗಿವಿಯೊಳಗೆ ಕೂತುಬಿಡುತ್ತದೆ, ಎಡಗಿವಿಗೆ ಅದರ ಸುಳಿವೇ ಇಲ್ಲ. ಪ್ರಕೃತಿಯಲ್ಲಿ ಹೀಗೆ ಒಂದೇ ಕಿವಿಗೆ ಬೀಳುವ ಸದ್ದು ಇಲ್ಲವೇ ಇಲ್ಲ ಎನ್ನಬಹುದು, ಸೊಳ್ಳೆ ಕಿವಿಯ ಬಳಿ ಗುಂಯ್‌ಗುಟ್ಟಿದ್ದನ್ನು ಬಿಟ್ಟರೆ. ಇದಕ್ಕೆ ಮದ್ದು ಬರೆದವರು ಬೆಂಜಮಿನ್ ಬಾಯರ್. ಶೂರ್ ಕಂಪನಿಯ ಪ್ರಸಿದ್ಧ ಯೂನಿಡೈನ್ ಮೈಕನ್ನು ರೂಪಿಸಿದ್ದವರೂ ಇವರೇ. 1961ರ ಲೇಖನವೊಂದರಲ್ಲಿ ಅವರು ತೋರಿಸಿದ ದಾರಿ ಸರಳ: ಬಲಗಡೆಯ ದನಿಯ ಸ್ವಲ್ಪ ಪಾಲನ್ನು ಎಡಗಿವಿಗೂ, ಎಡದ್ದನ್ನು ಬಲಕ್ಕೂ ದಾಟಿಸಬೇಕು. ಆದರೆ ಇದ್ದ ಹಾಗೇ ಅಲ್ಲ. ಎದುರಿನಿಂದ 30 ಡಿಗ್ರಿ ಓರೆಗಿರುವ ಸ್ಪೀಕರಿನ ದನಿ ಆಚೆ ಕಿವಿಯನ್ನು ಸುಮಾರು ಕಾಲು ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಮಂದ್ರದ ಉದ್ದನೆಯ ಅಲೆಗಳು ತಲೆಯನ್ನು ಬಳಸಿ ಸಲೀಸಾಗಿ ದಾಟುತ್ತವೆ, ತಾರದ ಗಿಡ್ಡ ಅಲೆಗಳಿಗೆ ತಲೆಯೇ ಅಡ್ಡವಾಗಿ ಆಚೆ ಬದಿ ನೆರಳು ಬೀಳುತ್ತದೆ. ಈ ತಡವನ್ನೂ ಈ ನೆರಳನ್ನೂ ಬಾಯರ್ ಸರ್ಕ್ಯೂಟಿನಲ್ಲಿ ಮೂಡಿಸಿದರು. ಹತ್ತು ವರ್ಷದ ನಂತರ ಸೀಗ್‌ಫ್ರೀಡ್ ಲಿಂಕ್ವಿಟ್ಸ್ ಇದೇ ದಾರಿಯಲ್ಲಿ ಇನ್ನೊಂದು ಸರ್ಕ್ಯೂಟ್ ಪ್ರಕಟಿಸಿದರು. ಹೀಗೆ ದನಿ ದಾಟಿಸುವುದಕ್ಕೆ ಇಂದು ‘ಕ್ರಾಸ್‌ಫೀಡ್’ ಎಂದು ಹೆಸರು. ಆ ಕೆಲಸಕ್ಕೆ ಉಚಿತವಾಗಿ ಸಿಗುವ ಬಿಎಸ್‌2ಬಿ ಎಂಬ ಸಾಫ್ಟ್‌ವೇರಿನ ಮೊದಲ ‘ಬಿ’ ಅಕ್ಷರ ಬಾಯರ್ ಅವರದೇ.

ದಿಕ್ಕಿನಷ್ಟೇ ತೊಡಕಿನದು ದನಿಯ ಬಣ್ಣ. ಹೊರಕಿವಿ ಮತ್ತು ಕಿವಿಯ ಕೊಳವೆ ಸೇರಿ 3 ಸಾವಿರ ಹರ್ಟ್ಸ್ ಆಸುಪಾಸಿನ ಸದ್ದನ್ನು ಸಹಜವಾಗಿಯೇ ಎತ್ತಿಕೊಡುತ್ತವೆ, ಕೋಣೆಯ ಗೋಡೆಗಳು ಬಾಸ್ ಹೆಚ್ಚಿಸುತ್ತವೆ. ಹೆಡ್‌ಫೋನ್ ಈ ಎರಡನ್ನೂ ಕದಡುತ್ತದೆ. ಹಾಗಾದರೆ ಅದರ ದನಿ ಹೇಗಿರಬೇಕು ಎಂಬ ಜಗಳ ದಶಕಗಳ ಕಾಲ ನಡೆಯಿತು. 2012ರ ಹೊತ್ತಿಗೆ ಹರ್ಮನ್ ಕಂಪನಿಯ ಷಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಕೇಳುಗರನ್ನೇ ಕೂರಿಸಿ ಪರೀಕ್ಷೆ ಶುರುಮಾಡಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿಸುವ ಹಾಗೆ ಕೇಳಿಸಿದ ಹೆಡ್‌ಫೋನನ್ನೇ ಹೆಚ್ಚಿನವರು ಮೆಚ್ಚಿದರು. ಆ ಗುರಿಗೆ ಅಗ್ಗದ ಹೆಡ್‌ಫೋನನ್ನೂ ಹತ್ತಿರ ತರುವ ಕೆಲಸ ಈಕ್ವಲೈಜರಿನದು, ಮತ್ತು ಅದಕ್ಕೆ ತಗಲುವ ಶ್ರಮ ಅಲ್ಪ. ಸಾಮಾನ್ಯ ಡಿಜಿಟಲ್ ಫಿಲ್ಟರ್ ಒಂದಕ್ಕೆ ಪ್ರತಿ ಸ್ಯಾಂಪಲ್‌ಗೆ ಐದು ಗುಣಾಕಾರ ಸಾಕು. ಸಿಡಿ ದನಿಯ ಸೆಕೆಂಡಿಗೆ 44,100 ಸ್ಯಾಂಪಲ್, ಎರಡು ಚಾನೆಲ್, ಹತ್ತು ಫಿಲ್ಟರ್ ಎಂದರೂ ಸೆಕೆಂಡಿಗೆ 44 ಲಕ್ಷ ಚಿಲ್ಲರೆ ಗುಣಾಕಾರ. ಕಿಸೆಯ ಮೊಬೈಲಿಗೆ ಅದು ಲೆಕ್ಕಕ್ಕೇ ಇಲ್ಲ.

ಎಲ್ಲರ ಕಿವಿ ಒಂದೇ ಅಲ್ಲವಲ್ಲ, ಸರಾಸರಿ ಲೆಕ್ಕ ಯಾರಿಗೆ ಸರಿಹೋದೀತು ಎಂಬ ಆಕ್ಷೇಪ ಗಟ್ಟಿಯಾದದ್ದು. ತೀರಾ ಮೇಲಿನ ತಾರಸ್ಥಾಯಿಯಲ್ಲಿ ಅದು ಪೂರ್ತಿ ನಿಜ, ಅಲ್ಲಿ ಹೆಚ್ಚು ಕೈಯಾಡಿಸದಿರುವುದೇ ಜಾಣತನ. ಆದರೆ ಮಂದ್ರ ಮತ್ತು ಮಧ್ಯಮದಲ್ಲಿ ತಲೆ ತಲೆಗೆ ವ್ಯತ್ಯಾಸ ಕಡಿಮೆ, ಹೆಡ್‌ಫೋನಿನ ತಪ್ಪುಗಳು ದೊಡ್ಡವು. ಮಿಕ್ಸಿಂಗ್ ಮಾಡುವವರು ಈಗ ಹೆಡ್‌ಫೋನಿನಲ್ಲೂ ಕೇಳಿ ನೋಡುತ್ತಾರೆ ಎಂಬ ಮಾತೂ ಒಪ್ಪತಕ್ಕದ್ದೇ. ಅಂಥ ಹೊಸ ಮುದ್ರಣಗಳಲ್ಲಿ ಕ್ರಾಸ್‌ಫೀಡಿಗೆ ಉಳಿಯುವ ಕೆಲಸ ಸ್ವಲ್ಪವೇ. 1973ರಲ್ಲಿ ಬರ್ಲಿನ್ ಬಾನುಲಿ ಮೇಳದಲ್ಲಿ ಕೇಳಿಸಿದ ನಾಟಕದ ಹಾಗೆ ಬೊಂಬೆತಲೆಯ ಕಿವಿಯಲ್ಲಿ ಮೈಕಿಟ್ಟು ಮುದ್ರಿಸಿದವಕ್ಕಂತೂ ಅದನ್ನು ಹಾಕಲೇಬಾರದು, ತಲೆಯ ನೆರಳು ಅಲ್ಲಿ ಮೊದಲೇ ಬಿದ್ದಿದೆ. ಹೆಡ್‌ಫೋನಿನ ಡ್ರೈವರ್ ಕರ್ಕಶವಾಗಿ ಒಡೆಯುತ್ತಿದ್ದರೆ ಅದನ್ನೂ ಯಾವ ಸಾಫ್ಟ್‌ವೇರ್ ವಾಸಿಮಾಡದು. ಬಾಸ್ 6 ಡೆಸಿಬೆಲ್ ಏರಿಸಿದರೆ ಅಲ್ಲಿ ನಾಲ್ಕು ಪಟ್ಟು ಶಕ್ತಿ ಬೇಕಾಗುತ್ತದೆ, ಒಟ್ಟು ದನಿಯನ್ನು ಮೊದಲೇ ಅಷ್ಟು ಇಳಿಸದಿದ್ದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಇವು ಹತಾರದ ಮಿತಿಗಳು, ಹತಾರ ಬೇಡವೆನ್ನಲು ಕಾರಣಗಳಲ್ಲ.

ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳು ಬಹುತೇಕ ಮಾನೊ. ಎರಡು ಕಿವಿಗೂ ಒಂದೇ ದನಿ ಹೋಗುವುದರಿಂದ ಅವಕ್ಕೆ ಕ್ರಾಸ್‌ಫೀಡ್ ಬೇಕಿಲ್ಲ, ಹದವಾದ ಈಕ್ವಲೈಜರ್ ಸಾಕು. ಎಡಬಲ ಸೀಳಿಹೋದ ಹಳೆಯ ಸ್ಟೀರಿಯೊ ಮುದ್ರಣ ನಿಮ್ಮಲ್ಲಿದ್ದರೆ ಕ್ರಾಸ್‌ಫೀಡ್ ಹಾಕಿ ಒಂದು ಸಲ, ತೆಗೆದು ಒಂದು ಸಲ ಕೇಳಿ. ಹೋಲಿಸುವಾಗ ಎರಡರ ಗಟ್ಟಿತನವೂ ಸಮವಾಗಿರಲಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಕಿವಿ ಬೇಗ ಒಪ್ಪಿಬಿಡುತ್ತದೆ.